ಎರಡು ಪಿಸ್ತೂಲು ಕೈಗೆ ಬರುವ ಮೊದಲಿನ ಲಾರಾ

2018ರ ‘ಟೂಂಬ್ ರೇಡರ್’ ಚಿತ್ರದ ನಡುಭಾಗದಲ್ಲಿ ಬರುವ ಒಂದು ರಾತ್ರಿಯ ದೃಶ್ಯದಿಂದಲೇ ಈ ವಿಮರ್ಶೆಯನ್ನು ಆರಂಭಿಸುತ್ತೇನೆ. ದ್ವೀಪದ ಕಾಡಿನಲ್ಲಿ ಗಾಯಗೊಂಡು ಒಂಟಿಯಾಗಿರುವ ಲಾರಾ ಕ್ರಾಫ್ಟ್‌ಗೆ ಕಾವಲಿನವನೊಬ್ಬ ಎದುರಾಗುತ್ತಾನೆ. ಅವನು ಅವಳಿಗಿಂತ ದೊಡ್ಡ ಆಳು, ಅವಳ ಮೈಯಲ್ಲಿ ಆಗಲೇ ತ್ರಾಣ ಉಳಿದಿಲ್ಲ. ಇಬ್ಬರೂ ಕೆಸರಿನಲ್ಲಿ ಹೊರಳಾಡುತ್ತಾರೆ. ಕೊನೆಗೆ ಅವನ ಮುಖ ಕೆಸರು ನೀರಿನ ಗುಂಡಿಯಲ್ಲಿ ಮುಳುಗಿದಾಗ ಅವಳು ತನ್ನ ಮೈಭಾರವನ್ನೆಲ್ಲ ಹಾಕಿ ಅವನನ್ನು ಅಲ್ಲಿಯೇ ಒತ್ತಿ ಹಿಡಿಯುತ್ತಾಳೆ. ಒದ್ದಾಟ ನಿಂತ ಮೇಲೆ ಅವಳ ಮುಖದಲ್ಲಿ ಗೆದ್ದೆನೆಂಬ ಭಾವ ಎಳ್ಳಷ್ಟೂ ಕಾಣುವುದಿಲ್ಲ. ತಾನು ಏನು ಮಾಡಿದೆನೆಂಬುದು ಅರಿವಿಗೆ ಬರುತ್ತಿರುವ ಹೆಣ್ಣುಮಗಳೊಬ್ಬಳ ದಿಗಿಲು ಮಾತ್ರ ಅಲ್ಲಿರುತ್ತದೆ. ಪುರಾತನ ಗೋರಿಗಳನ್ನು ಹೊಕ್ಕು ಹುಡುಕುವ ಲಾರಾ ಹುಟ್ಟಿದ್ದು ಇದೇ ಹೆಸರಿನ ವಿಡಿಯೊ ಗೇಮ್ ಸರಣಿಯಲ್ಲಿ. ಅದರ 1996ರ ಮೊದಲ ಆಟದಲ್ಲಿ ಒಂದೊಂದು ಲೆವೆಲ್ ಮುಗಿದಾಗಲೂ ಎಷ್ಟು ಜೀವ ತೆಗೆದೆವೆಂಬ ಅಂಕಿ ಪರದೆಯ ಮೇಲೆ ಮೂಡುತ್ತಿತ್ತು. ನಾವು ಅದನ್ನು ಕಣ್ಣಾಡಿಸಿ ನೋಡಿ ಮುಂದಿನ ಲೆವೆಲ್‌ಗೆ ಹೋಗುತ್ತಿದ್ದೆವು. ಆ ಅಂಕಿಯ ಹಿಂದೆ ಒಂದು ಮುಖವಿರಬಹುದೆಂದು ನನಗೆ ಮೊದಲ ಬಾರಿಗೆ ತೋರಿಸಿಕೊಟ್ಟದ್ದು ಈ ದೃಶ್ಯ.

ಚಿತ್ರವನ್ನು ನಿರ್ದೇಶಿಸಿದವರು ನಾರ್ವೆಯ ರೋರ್ ಉಥೌಗ್. ಲಾರಾಳ ಪಾತ್ರದಲ್ಲಿ ಸ್ವೀಡನ್ನಿನ ಅಲಿಸಿಯಾ ವಿಕಾಂಡರ್ ಇದ್ದಾರೆ. ತಂದೆ ರಿಚರ್ಡ್ ಕ್ರಾಫ್ಟ್ ಆಗಿ ಡೊಮಿನಿಕ್ ವೆಸ್ಟ್, ಖಳ ಮಥಿಯಾಸ್ ವೋಗೆಲ್ ಆಗಿ ವಾಲ್ಟನ್ ಗಾಗಿನ್ಸ್, ದೋಣಿಯ ಒಡೆಯ ಲು ರೆನ್ ಆಗಿ ಡೇನಿಯಲ್ ವು ಅಭಿನಯಿಸಿದ್ದಾರೆ. ಇದು ಏಂಜಲೀನಾ ಜೋಲಿ ನಟಿಸಿದ್ದ 2001 ಮತ್ತು 2003ರ ಚಿತ್ರಗಳ ಮುಂದುವರಿಕೆಯಲ್ಲ; 2013ರಲ್ಲಿ ಕ್ರಿಸ್ಟಲ್ ಡೈನಾಮಿಕ್ಸ್ ಸಂಸ್ಥೆ ಇಡೀ ಸರಣಿಯನ್ನು ಹೊಸದಾಗಿ ಆರಂಭಿಸಿ ತಂದ ಆಟವನ್ನು ಬುನಾದಿಯಾಗಿ ಇಟ್ಟುಕೊಂಡ ರೀಬೂಟ್. ಹೀಗಾಗಿ ಚಿತ್ರ ನೋಡಲು ಬಂದ ಅಭಿಮಾನಿಗಳಲ್ಲಿ ಒಂದೇ ಮನಸ್ಸಿನವರು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಇಂಗ್ಲೆಂಡಿನ ಡರ್ಬಿಯಲ್ಲಿ ಕೋರ್ ಡಿಸೈನ್ ಸಂಸ್ಥೆ ರೂಪಿಸಿದ ಮೊದಲ ಆಟಗಳನ್ನು ಆಡಿ ಬೆಳೆದವರಿಗೆ ಲಾರಾ ಎಂದರೆ ಯಾರಿಗೂ ಜವಾಬು ಹೇಳದ, ಹುಬ್ಬು ಕದಲಿಸದೆ ಡೈನೋಸಾರ್‌ನ ಎದುರು ನಿಲ್ಲುವ ಶ್ರೀಮಂತೆ. ಜೋಲಿಯ ಚಿತ್ರಗಳ ಮೂಲಕ ಅವಳನ್ನು ಅರಿತವರಿಗೆ ಅವಳು ತುಂಟ ನಗೆಯ, ಸೋಲೆಂಬುದನ್ನೇ ತಿಳಿಯದ ಧೀರೆ. 2013ರ ಆಟದಿಂದ ಬಂದವರಿಗೆ ಅವಳು ಮೈತುಂಬ ಗಾಯ ಮಾಡಿಕೊಂಡು, ನಡುಗುತ್ತ, ಅಳುತ್ತ ಬದುಕುಳಿದ ಇಪ್ಪತ್ತೊಂದರ ಯುವತಿ. ಈ ಮೂವರೂ ಒಂದೇ ಹೆಸರನ್ನು ಹೇಳುತ್ತಿದ್ದರೂ ಅವರ ಕಣ್ಣ ಮುಂದೆ ಇದ್ದದ್ದು ಮೂವರು ಬೇರೆ ಬೇರೆ ಹೆಂಗಸರು. ಚಿತ್ರದ ಬಗ್ಗೆ ನಡೆದ ಜಗಳದಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟಿದ್ದೆಂದು ನನಗನ್ನಿಸುತ್ತದೆ.

ನಾನು ಮೊದಲ ಗುಂಪಿಗೆ ಸೇರಿದವನು. ಶಿವಮೊಗ್ಗದಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಅಣ್ಣನ ಕಂಪ್ಯೂಟರಿನಲ್ಲಿ ಬೇಸಿಗೆ ರಜೆಯೊಂದರಲ್ಲಿ 1998ರ ಮೂರನೆಯ ಆಟವನ್ನು ಕಂಡೆ. ಆ ಆಟ ಶುರುವಾಗುವುದೇ ಭಾರತದ ಕಾಡಿನಲ್ಲಿ: ಜಾರುವ ಇಳಿಜಾರು, ಅದರ ಬುಡದಲ್ಲಿ ಮೊನಚಾದ ಮುಳ್ಳುಗಳು, ಮುಂದೆ ಹುಲಿಗಳು, ನಮ್ಮ ಕೈಗೆ ಸಿಗಬೇಕಾದ ಔಷಧದ ಪೆಟ್ಟಿಗೆಯನ್ನು ಎತ್ತಿಕೊಂಡು ಓಡುವ ಕೋತಿಗಳು, ಅದಾದ ಮೇಲೆ ಪಾಳುಬಿದ್ದ ಗುಡಿಯೊಳಗೆ ಆರು ಕೈಗಳಲ್ಲಿ ಕತ್ತಿ ಹಿಡಿದು ಜೀವ ತಳೆಯುವ ಕಲ್ಲಿನ ವಿಗ್ರಹಗಳು. ಆ ಗುಡಿ ನಮ್ಮ ಯಾವ ಊರಿನ ಗುಡಿಯ ಹಾಗೂ ಇರಲಿಲ್ಲ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು. ಹಾಗಿದ್ದರೂ ವಿಗ್ರಹ ಕದಲಿದ ಆ ಕ್ಷಣದಲ್ಲಿ ಎದೆ ಝಲ್ಲೆಂದದ್ದು ಇಂದಿಗೂ ನೆನಪಿದೆ. ಅಣ್ಣ ಕೀಬೋರ್ಡಿನ ಮುಂದೆ ಕುಳಿತರೆ ನಾನು ಪಕ್ಕದಲ್ಲಿ ಕುಳಿತು ಎಲ್ಲಿ ಕೀಲಿ, ಎಲ್ಲಿ ಬಾಗಿಲು ಎಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಕರೆಂಟ್ ಹೋದರೆ ಸೇವ್ ಮಾಡದ ಭಾಗವೆಲ್ಲ ಮಣ್ಣುಪಾಲು. ಆಗ ಅಣ್ಣ ‘ಬಿಡೋ, ದಾರಿ ಗೊತ್ತಾಯ್ತಲ್ಲ’ ಎಂದು ಸಮಾಧಾನ ಹೇಳುತ್ತಿದ್ದ.

ಹಳೆಯ ಆಟದ ಜೀವಾಳ ಯಾವುದೆಂದು ಆ ಮಾತು ಹೇಳುತ್ತದೆ. ಅಲ್ಲಿನ ಲೋಕವೆಲ್ಲ ಚೌಕಗಳಿಂದ ಕಟ್ಟಿದ್ದು. ಕಂದಕದ ಅಂಚಿಗೆ ಬಂದಾಗ ಶಿಫ್ಟ್ ಒತ್ತಿ ಹಿಡಿದು ಮೆಲ್ಲಗೆ ನಡೆಯಬೇಕು. ಹಾಗೆ ನಡೆದರೆ ಲಾರಾ ಅಂಚಿನಲ್ಲಿ ತಾನೇ ನಿಲ್ಲುತ್ತಾಳೆ, ಬೀಳುವುದಿಲ್ಲ. ಅಲ್ಲಿಂದ ಒಮ್ಮೆ ಹಿಂದಕ್ಕೆ ಕುಪ್ಪಳಿಸಿದರೆ ಓಡಿ ಹಾರುವುದಕ್ಕೆ ಬೇಕಾದಷ್ಟು ಜಾಗ ಸಿಗುತ್ತದೆ. ಆಮೇಲೆ ಮುಂದಕ್ಕೆ ಓಡಿ ಆಲ್ಟ್ ಒತ್ತಿ, ಗಾಳಿಯಲ್ಲಿರುವಾಗಲೇ ಕಂಟ್ರೋಲ್ ಒತ್ತಿ ಹಿಡಿದರೆ ಎದುರಿನ ಅಂಚು ಅವಳ ಬೆರಳಿಗೆ ಸಿಗುತ್ತದೆ. ಒಂದು ಚೌಕ ಹೆಚ್ಚುಕಡಿಮೆಯಾದರೂ ಸಾವು ಖಚಿತ. ಆದ್ದರಿಂದ ಹಾರುವ ಮೊದಲು ನಿಂತು ನೋಡಬೇಕು, ಅಳೆಯಬೇಕು, ಲೆಕ್ಕ ಹಾಕಬೇಕು. ಸಂಗೀತ ಯಾವಾಗಲೋ ಒಮ್ಮೆ ಕೇಳಿಬರುತ್ತಿತ್ತು. ಉಳಿದ ಹೊತ್ತೆಲ್ಲ ಅವಳ ಹೆಜ್ಜೆಯ ಸದ್ದು, ಎಲ್ಲೋ ನೀರಿನ ಸದ್ದು. ಆ ನಿಶ್ಶಬ್ದದಲ್ಲಿ ಒಂಟಿಯಾಗಿ ನಿಂತು ಯೋಚಿಸುವುದೇ ಆಟ. ಗುಂಡು ಹಾರಿಸುವುದು ಅದರ ನಡುವೆ ಬಂದುಹೋಗುವ ಸಂಗತಿ. 2018ರ ಚಿತ್ರದ ಬಗ್ಗೆ ನಾನು ಹೇಳಬೇಕಾದದ್ದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ. ಲಾರಾಳ ಮೈ ಪಡುವ ಪಾಡನ್ನು ಚಿತ್ರ ಬಹಳ ಪ್ರಾಮಾಣಿಕವಾಗಿ ತೆರೆಗೆ ತಂದಿದೆ. ಅವಳು ನಿಂತು ಯೋಚಿಸುವುದನ್ನು ತೋರಿಸಲು ಮಾತ್ರ ಅದಕ್ಕೆ ಪುರುಸೊತ್ತು ಸಿಕ್ಕಿಲ್ಲ.

ವಿಪರ್ಯಾಸವೆಂದರೆ ಚಿತ್ರ ತೆರೆಕಾಣುವ ಮೊದಲು ಅಭಿಮಾನಿಗಳಲ್ಲಿ ಹೆಚ್ಚು ಗದ್ದಲ ನಡೆದದ್ದು ಆ ಮೈಯ ಬಗ್ಗೆಯೇ. ವಿಕಾಂಡರ್ ಅವರ ಹೆಸರು ಪ್ರಕಟವಾದ ದಿನದಿಂದ ಅವರ ಮೈಕಟ್ಟು ಜೋಲಿಯಂತಿಲ್ಲ, ಹಳೆಯ ಆಟದ ಗೊಂಬೆಯಂತಿಲ್ಲ ಎಂಬ ಮಾತು ಒಂದು ವರ್ಗದಿಂದ ಕೇಳಿಬರುತ್ತಲೇ ಇತ್ತು. 2017ರಲ್ಲಿ ಬಿಡುಗಡೆಯಾದ ಪೋಸ್ಟರಿನಲ್ಲಿ ಕತ್ತು ಅಸಹಜವಾಗಿ ಉದ್ದವಾಗಿ, ತಿರುಚಿದಂತೆ ಕಂಡಾಗ ಅದನ್ನು ಹಿಡಿದು ಆಡಿಕೊಂಡವರಿಗೆ ಲೆಕ್ಕವಿಲ್ಲ. ಪೋಸ್ಟರಿನ ವಿಷಯದಲ್ಲಿ ಆಡಿಕೊಂಡವರ ಮಾತು ಸರಿಯಾಗಿಯೇ ಇತ್ತು, ಆ ಚಿತ್ರವನ್ನು ತಿದ್ದಿದವರು ಕೆಲಸ ಕೆಡಿಸಿದ್ದರು. ಆದರೆ ನಟಿಯ ಮೈ ಅಳೆದು ಪಾತ್ರಕ್ಕೆ ಒಗ್ಗುವುದಿಲ್ಲವೆಂದು ತೀರ್ಪು ಕೊಟ್ಟ ಮಾತುಗಳನ್ನು ನಾನು ಒಪ್ಪಲಾರೆ. 1996ರ ಲಾರಾ ಕೆಲವೇ ನೂರು ತ್ರಿಕೋನಗಳಿಂದ ಮಾಡಿದ ಆಕೃತಿ; ಅವಳ ರೂಪವನ್ನು ಅತಿಶಯಗೊಳಿಸಿ ಜಾಹೀರಾತುಗಳಲ್ಲಿ ಮಾರಿದ್ದು ಮಾರಾಟಗಾರರು. ನಮ್ಮಂಥವರನ್ನು ವಾರಗಟ್ಟಲೆ ಆ ಆಟದ ಮುಂದೆ ಕೂರಿಸಿದ್ದು ಆ ರೂಪವಲ್ಲ, ಅವಳು ಹಾರುವ, ನೇತಾಡುವ, ಈಜುವ ಬಗೆ. ವಿಕಾಂಡರ್ ಬಾಲ್ಯದಿಂದ ಬ್ಯಾಲೆ ಕಲಿತವರು; ಈ ಪಾತ್ರಕ್ಕಾಗಿ ತಿಂಗಳುಗಟ್ಟಲೆ ಕಸರತ್ತು ಮಾಡಿ ಹಲವು ಕಿಲೋ ಸ್ನಾಯುಗಳನ್ನು ಬೆಳೆಸಿಕೊಂಡವರು. ಅವರು ಹಗ್ಗ ಹಿಡಿದಾಗ ಮುಂಗೈಯ ನರ ಬಿಗಿಯುವುದು ಕಾಣುತ್ತದೆ, ನೆಲಕ್ಕೆ ಬಿದ್ದಾಗ ಎದೆಯ ಗಾಳಿ ಹೊರಬೀಳುವುದು ಕೇಳುತ್ತದೆ. ಹಳೆಯ ಆಟದಲ್ಲಿ ಲಾರಾ ಗೋಡೆ ಹತ್ತುವಾಗ ಹೊರಡುತ್ತಿದ್ದ ಆ ಸಣ್ಣ ಮುಲುಕಿನ ಸದ್ದನ್ನು ಕೇಳಿ ಬೆಳೆದವರು ಇದನ್ನು ಗುರುತಿಸದೇ ಇರಲಾರರು.

ಚಿತ್ರದ ಮೊದಲ ಮೂವತ್ತು ನಿಮಿಷ ಲಂಡನ್ನಿನಲ್ಲಿ ನಡೆಯುತ್ತದೆ. ಅಲ್ಲಿನ ಲಾರಾ ಏಳು ವರ್ಷಗಳಿಂದ ಕಾಣೆಯಾದ ತಂದೆ ಸತ್ತಿದ್ದಾರೆಂಬ ಕಾಗದಕ್ಕೆ ಸಹಿ ಹಾಕಲೊಲ್ಲದೆ, ಆಸ್ತಿಯನ್ನು ಮುಟ್ಟದೆ, ಸೈಕಲ್ಲಿನ ಮೇಲೆ ಪೊಟ್ಟಣ ತಲುಪಿಸುವ ಕೆಲಸ ಮಾಡುತ್ತಿರುತ್ತಾಳೆ. ಬಾಕ್ಸಿಂಗ್ ಜಿಮ್ಮಿನಲ್ಲಿ ಎದುರಾಳಿಯ ಹಿಡಿತಕ್ಕೆ ಸಿಕ್ಕಿ ಸೋಲುವುದರಿಂದಲೇ ಅವಳ ಪರಿಚಯವಾಗುತ್ತದೆ. ಇದನ್ನು ನಾನು ಬಹಳ ಮೆಚ್ಚಿದೆ. ನರಿಬೇಟೆಯೆಂಬ ಪಂದ್ಯದಲ್ಲಿ ಅವಳ ಸೈಕಲ್ಲಿನ ಹಿಂದೆ ಬಣ್ಣದ ಡಬ್ಬಿ ಕಟ್ಟಿರುತ್ತಾರೆ. ತೊಟ್ಟಿಕ್ಕುವ ಬಣ್ಣದ ಜಾಡು ಹಿಡಿದು ಹತ್ತಾರು ಸೈಕಲ್ ಸವಾರರು ಅಟ್ಟಿಸಿಕೊಂಡು ಬರುತ್ತಾರೆ. ಅವಳು ಕಿರಿದಾದ ಗಲ್ಲಿಗೆ ನುಗ್ಗುವುದು, ಜಾಡು ತಪ್ಪಿಸುವುದು, ಕೊನೆಗೆ ಪೊಲೀಸ್ ಕಾರಿಗೆ ಢಿಕ್ಕಿ ಹೊಡೆಯುವುದು ಎಲ್ಲವೂ ಲವಲವಿಕೆಯಿಂದ ಕೂಡಿದೆ, ಕಂಪ್ಯೂಟರಿನಲ್ಲಿ ಹುಟ್ಟಿಸಿದ ಚಿತ್ರಗಳ ಭಾರ ಇಲ್ಲಿ ಕಡಿಮೆ. ಹಳೆಯ ಅಭಿಮಾನಿಗಳಲ್ಲಿ ಹಲವರು ಈ ಭಾಗವನ್ನು ಅನಗತ್ಯವೆಂದು ತಳ್ಳಿಹಾಕಿದರು, ಲಾರಾ ಕ್ರಾಫ್ಟ್‌ಗೆ ಬಡತನ ಏಕೆಂದು ಕೇಳಿದರು. ನನ್ನ ಮಟ್ಟಿಗೆ ಇದು ಚಿತ್ರದ ಅತ್ಯಂತ ಸೊಗಸಾದ ಭಾಗಗಳಲ್ಲೊಂದು, ಏಕೆಂದರೆ ಇಲ್ಲಿ ಅವಳು ದಾರಿಯನ್ನು ಓದುತ್ತಾಳೆ. ಯಾವ ತಿರುವಿನಲ್ಲಿ ತಿರುಗಿದರೆ ಯಾರು ಹಿಂದೆ ಬೀಳುತ್ತಾರೆಂದು ಲೆಕ್ಕ ಹಾಕುವುದು ಅವಳ ಕಣ್ಣಿನಲ್ಲಿ ಕಾಣುತ್ತದೆ. ತಂದೆಯ ಜಾಡು ಹಿಡಿದು ಹೋದ ಹಾಂಕಾಂಗ್ ಬಂದರಿನಲ್ಲಿ ಚೀಲ ಕದ್ದ ಹುಡುಗರ ಬೆನ್ನು ಹತ್ತಿ ದೋಣಿಯಿಂದ ದೋಣಿಗೆ ಹಾರುವ ಪ್ರಸಂಗವೂ ಇದೇ ಬಗೆಯದು.

ದ್ವೀಪ ತಲುಪಿದ ಮೇಲೆ ಚಿತ್ರ ಹಲವು ದೃಶ್ಯಗಳಲ್ಲಿ 2013ರ ಆಟವನ್ನು ಹಿಂಬಾಲಿಸುತ್ತದೆ. ಆ ಆಟದ ಬಗ್ಗೆ ಒಂದು ಮಾತು ಇಲ್ಲಿ ಅಗತ್ಯ. ರಿಯಾನ ಪ್ರ್ಯಾಚೆಟ್ ಕಥೆ ಬರೆದ ಆ ಆಟ ಬಂದಾಗಲೂ ಅಭಿಮಾನಿಗಳು ಎರಡಾಗಿದ್ದರು. ಲಾರಾಳನ್ನು ಇಷ್ಟೊಂದು ಹಿಂಸೆಗೆ ಗುರಿಪಡಿಸಬೇಕೇ ಎಂಬ ಪ್ರಶ್ನೆ 2012ರ ಟ್ರೇಲರ್ ಕಂಡಾಗಲೇ ಎದ್ದಿತ್ತು. ಮೊದಲ ನಾಲ್ಕು ವಾರಗಳಲ್ಲಿ 34 ಲಕ್ಷ ಪ್ರತಿಗಳು ಮಾರಾಟವಾದರೂ ಪ್ರಕಾಶಕರಾದ ಸ್ಕ್ವೇರ್ ಎನಿಕ್ಸ್ ನಿರೀಕ್ಷೆ ಮುಟ್ಟಲಿಲ್ಲವೆಂದು ಹೇಳಿತು. ಕಾಲಕ್ರಮದಲ್ಲಿ ಅದೇ ಆಟ ಇಡೀ ಸರಣಿಯಲ್ಲಿ ಅತಿ ಹೆಚ್ಚು ಮಾರಾಟವಾದದ್ದೆನಿಸಿತು. ಆ ಆಟವನ್ನು ಆಡಿದವರಿಗೆ ಚಿತ್ರದಲ್ಲಿ ಜಲಪಾತದ ಅಂಚಿನಲ್ಲಿ ಸಿಕ್ಕಿಕೊಂಡ ಹಳೆಯ ವಿಮಾನದ ದೃಶ್ಯ ಬಂದಾಗ ಆದ ಸಂಭ್ರಮ ಸಹಜವಾದದ್ದು. ನದಿಯ ಸೆಳೆತಕ್ಕೆ ಸಿಕ್ಕ ಲಾರಾ ಆ ತುಕ್ಕು ಹಿಡಿದ ರೆಕ್ಕೆಯನ್ನು ಹಿಡಿಯುತ್ತಾಳೆ. ಲೋಹ ಕಿರುಗುಟ್ಟಿ ಒಂದೊಂದು ಭಾಗವೂ ಕಳಚಿಕೊಳ್ಳತೊಡಗುತ್ತದೆ. ಒಳಗೆ ಸಿಕ್ಕ ಹಳೆಯ ಪ್ಯಾರಾಚೂಟ್ ಒಂದೇ ಉಳಿದ ದಾರಿ. ಆಟದಲ್ಲಿ ಇದೇ ವಿಮಾನದ ಮೇಲೆ ನಾವು ಹತ್ತಾರು ಬಾರಿ ಜಾರಿ ಸತ್ತು, ಮತ್ತೆ ಆರಂಭಿಸಿ, ಕೊನೆಗೆ ದಾಟಿದ್ದೆವು. ಚಿತ್ರದಲ್ಲಿ ಅವಳು ಒಂದೇ ಬಾರಿ ದಾಟಬೇಕು, ಹಾಗಾಗಿ ನಮ್ಮ ಸೋಲುಗಳ ಭಾರವನ್ನೆಲ್ಲ ನಟಿಯ ಮುಖವೊಂದೇ ಹೊರಬೇಕು. ವಿಕಾಂಡರ್ ಅದನ್ನು ಹೊತ್ತಿದ್ದಾರೆ. ಮರಗಳ ಕೊಂಬೆಗಳಿಗೆ ಬಡಿದು ನೆಲಕ್ಕೆ ಬಿದ್ದ ಮೇಲೆ ಪಕ್ಕೆಗೆ ಚುಚ್ಚಿಕೊಂಡ ಚೂರನ್ನು ಅವಳು ಎಳೆದು ತೆಗೆಯುವಾಗ ಚಿತ್ರಮಂದಿರದಲ್ಲಿ ನನ್ನ ಪಕ್ಕದ ಸಾಲಿನಲ್ಲಿದ್ದ ಹೆಂಗಸೊಬ್ಬರು ‘ಅಯ್ಯೋ ಮಗಳೇ’ ಎಂದರು. ಆಟ ಆಡಿರದ ಒಬ್ಬರಿಂದ ಆ ಉದ್ಗಾರ ಹೊರಡಿಸಿದ್ದು ಈ ಚಿತ್ರದ ನಿಜವಾದ ಗೆಲುವು.

ಇಷ್ಟೆಲ್ಲ ಆದ ಮೇಲೆ, ಹೆಸರಿನಲ್ಲೇ ಇರುವ ಆ ‘ಟೂಂಬ್’, ಅಂದರೆ ಹಿಮಿಕೊ ಎಂಬ ಪ್ರಾಚೀನ ರಾಣಿಯ ಗೋರಿ, ಬರುವುದು ಚಿತ್ರದ ಕೊನೆಯ ಭಾಗದಲ್ಲಿ. ಅದಕ್ಕಾಗಿ ಕಾದು ಕುಳಿತಿದ್ದ ನನ್ನಂಥವರಿಗೆ ನಿರಾಸೆಯಾದದ್ದು ಅಲ್ಲಿಯೇ. ಬಾಗಿಲಿನ ಒಗಟನ್ನು ಅವಳು ಬಿಡಿಸುವುದು ಶತ್ರುಗಳ ಬಂದೂಕಿನ ಎದುರು, ತಂದೆಯ ಜೀವ ಪಣಕ್ಕಿರುವಾಗ. ಅದು ಕಥೆಗೆ ಸರಿ. ಒಳಗೆ ನೆಲ ಕಳಚಿ ಬೀಳುತ್ತಿರುವಾಗ ಬಣ್ಣದ ಹರಳುಗಳ ಒಗಟೊಂದು ಎದುರಾಗುತ್ತದೆ. ಇದು ಆಟದ ಉಸಿರಿಗೆ ಅತ್ಯಂತ ಹತ್ತಿರವಾದ ಜಾಗ, ಚಿತ್ರದ ಬರಹಗಾರರಿಗೂ ಅದು ತಿಳಿದಿರಲೇಬೇಕು. ಆದರೆ ನಮಗೆ ಒಗಟೇನೆಂದು ಅರ್ಥವಾಗುವಷ್ಟರಲ್ಲಿ ಉತ್ತರ ಸಿಕ್ಕಿರುತ್ತದೆ. ಅವಳ ಜೊತೆ ನಾವೂ ಯೋಚಿಸಲು, ನಮ್ಮ ಊಹೆ ತಪ್ಪಾಗಲು, ಅವಳದು ಸರಿಯಾದಾಗ ತಲೆದೂಗಲು ಅವಕಾಶವೇ ಇಲ್ಲ. ಸುತ್ತ ಏಳೆಂಟು ಜನ ಕೂಗಾಡುತ್ತಿರುತ್ತಾರೆ. ಹಳೆಯ ಆಟಗಳಲ್ಲಿ ಗೋರಿಯೊಳಗೆ ಲಾರಾ ಎಂದೂ ಗುಂಪು ಕಟ್ಟಿಕೊಂಡು ಹೋದವಳಲ್ಲ. ಸಾವಿರಾರು ವರ್ಷಗಳಿಂದ ಯಾರೂ ಕಾಲಿಡದ ಜಾಗದಲ್ಲಿ ಮೊದಲು ಕೇಳುವುದು ತನ್ನ ಹೆಜ್ಜೆಯ ಸದ್ದೆಂಬ ಅನುಭವವೇ ಆ ಸರಣಿಯ ಸ್ವತ್ತು. ಐದೇ ಐದು ನಿಮಿಷ ಅವಳನ್ನು ಆ ಗೋರಿಯೊಳಗೆ ಒಂಟಿಯಾಗಿ ಬಿಟ್ಟಿದ್ದರೆ ಸಾಕಿತ್ತು.

ಕಲ್ಲಿನ ವಿಷಯದಲ್ಲೂ ಚಿತ್ರ ಬಡವಾಗಿದೆ. ಗೋರಿಯ ಗೋಡೆಗಳು ಕಪ್ಪಾಗಿ, ಒದ್ದೆಯಾಗಿ, ಎಲ್ಲೆಡೆ ಒಂದೇ ತೆರನಾಗಿವೆ. ಕಟ್ಟಿದವರ ಕೈಗುರುತು ಅವುಗಳ ಮೇಲೆ ಕಾಣುವುದಿಲ್ಲ. ಇದನ್ನು ಹೇಳುವಾಗ ಇನ್ನೊಂದು ಸರಣಿಯ ಆಟ ನೆನಪಾಗುತ್ತದೆ. 2017ರಲ್ಲಿ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ನಮ್ಮ ಪಶ್ಚಿಮ ಘಟ್ಟಗಳಲ್ಲಿ ನಡೆಯುತ್ತದೆ; ಹೊಯ್ಸಳರ ಕಳೆದುಹೋದ ರಾಜಧಾನಿಯನ್ನು, ಗಣೇಶನ ದಂತವನ್ನು ಹುಡುಕಿಕೊಂಡು ಹೋಗುವ ಇಬ್ಬರು ಹೆಂಗಸರ ಕಥೆ ಅದು. ಹಳೇಬೀಡು, ಬೇಲೂರು ಎಂಬ ಹೆಸರುಗಳನ್ನು ವಿದೇಶಿ ಆಟವೊಂದರ ಪಾತ್ರಗಳ ಬಾಯಿಂದ ಕೇಳಿದಾಗ ಆದ ಪುಳಕವನ್ನು ಕನ್ನಡಿಗ ಗೇಮರ್‌ಗಳಿಗೆ ವಿವರಿಸಬೇಕಾಗಿಲ್ಲ. ಆ ಆಟ ಇತಿಹಾಸವನ್ನು ತನಗೆ ಬೇಕಾದ ಹಾಗೆ ಹಿಗ್ಗಿಸಿಕೊಂಡಿದೆ, ಅದರ ಬೃಹತ್ ವಿಗ್ರಹಗಳಿಗೂ ಹೊಯ್ಸಳ ಶಿಲ್ಪದ ಸೂಕ್ಷ್ಮ ಕುಸುರಿಗೂ ಬಹಳ ದೂರ. ಹೀಗಿದ್ದರೂ ಅಲ್ಲಿ ಪಾತ್ರಗಳು ಗೋಡೆಯ ಮುಂದೆ ನಿಂತು ಅದರ ಮೇಲಿನ ಕಥೆಯನ್ನು ಓದುತ್ತವೆ, ಓದಿದ ಕಥೆಯಿಂದಲೇ ಮುಂದಿನ ಬಾಗಿಲು ತೆರೆಯುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಆನೆಗಳ ಸಾಲಿನಿಂದ ಶುರುಮಾಡಿ ಮೇಲಿನ ಪುರಾಣದ ಸಾಲುಗಳವರೆಗೆ ಬೆರಳು ತೋರುತ್ತ ನಡೆದವರಿಗೆ ಕಲ್ಲನ್ನು ಓದುವುದು ಎಂದರೇನೆಂದು ಗೊತ್ತು. 2018ರ ಲಾರಾ ಪುರಾತತ್ತ್ವ ಸಂಶೋಧಕರ ಮಗಳಾಗಿದ್ದೂ ಗೋಡೆಯ ಮುಂದೆ ನಿಲ್ಲುವುದು ಅಪರೂಪ.

ತಂದೆಯ ವಿಷಯಕ್ಕೆ ಬಂದರೆ ಅಭಿಮಾನಿಗಳ ದೂರಿನಲ್ಲಿ ಅತ್ಯಂತ ತೂಕದ್ದು ಇದೇ ಎಂದು ನಾನು ಭಾವಿಸುತ್ತೇನೆ. 1996ರ ಆಟದ ಕೈಪಿಡಿಯಲ್ಲಿದ್ದ ಲಾರಾಳ ಕಥೆ ಬೇರೆಯೇ ಇತ್ತು. ಸಿರಿವಂತರ ಮನೆಯ ಹುಡುಗಿ, ಹಿಮಾಲಯದಲ್ಲಿ ವಿಮಾನ ಬಿದ್ದಾಗ ಅವಳೊಬ್ಬಳೇ ಉಳಿಯುತ್ತಾಳೆ, ಹಿಮದಲ್ಲಿ ದಿನಗಟ್ಟಲೆ ನಡೆದು ಹಳ್ಳಿಯೊಂದನ್ನು ಸೇರುತ್ತಾಳೆ, ಆ ನಡಿಗೆಯಲ್ಲಿ ತನ್ನ ವರ್ಗದ ಉಸಿರುಗಟ್ಟಿಸುವ ಬದುಕು ತನಗೆ ಬೇಡವೆಂದು ಕಂಡುಕೊಳ್ಳುತ್ತಾಳೆ, ಮನೆಯವರು ಅವಳನ್ನು ದೂರಮಾಡುತ್ತಾರೆ. ಅವಳು ಗೋರಿಗಳನ್ನು ಹೊಕ್ಕದ್ದು ಯಾರ ಜಾಡನ್ನೂ ಹಿಡಿದಲ್ಲ, ತನ್ನ ಆಸೆಗೆ ತಾನೇ ಹೊಕ್ಕದ್ದು. ಕಾಣೆಯಾದ ತಂದೆಯ ಟಿಪ್ಪಣಿಗಳನ್ನು ಹಿಡಿದು ಹೊರಡುವ ಮಗಳ ಕಥೆ 2001ರ ಚಿತ್ರದಲ್ಲಿ ನೆಲೆಯೂರಿತು. ಅಲ್ಲಿ ತಂದೆಯಾಗಿದ್ದವರು ಜೋಲಿಯ ನಿಜವಾದ ತಂದೆ ಜಾನ್ ವಾಯ್ಟ್. 2018ರ ಚಿತ್ರ ಅದೇ ಹಾದಿಯಲ್ಲಿ ಇನ್ನೂ ಮುಂದೆ ಹೋಗಿ, ದ್ವೀಪದಲ್ಲಿ ತಂದೆಯನ್ನು ಜೀವಂತವಾಗಿಯೇ ಎದುರು ನಿಲ್ಲಿಸುತ್ತದೆ. ಡೊಮಿನಿಕ್ ವೆಸ್ಟ್ ಒಳ್ಳೆಯ ನಟ, ಮಗಳನ್ನು ಭ್ರಮೆಯೆಂದು ತಿಳಿದು ಕಂಗಾಲಾಗುವ ಘಳಿಗೆಯಲ್ಲಿ ಅವರ ಅಭಿನಯ ಮನಮುಟ್ಟುತ್ತದೆ. ಆದರೆ ಅವರು ಬಂದ ಕ್ಷಣದಿಂದ ಲಾರಾ ತೀರ್ಮಾನ ಮಾಡುವವಳಾಗಿ ಉಳಿಯುವುದು ಕಡಿಮೆಯಾಗುತ್ತದೆ. ಕೆಸರಿನ ಗುಂಡಿಯ ಬಳಿ ಒಂಟಿಯಾಗಿ ದೊಡ್ಡವಳಾದವಳು ಮತ್ತೆ ಚಿಕ್ಕ ಹುಡುಗಿಯಾಗುತ್ತಾಳೆ. ತಂದೆ ಎಲ್ಲ ಸಂಶೋಧನೆಯನ್ನು ಸುಟ್ಟುಹಾಕೆಂದು ಹೇಳಿದ್ದರೂ ಅವಳು ಸುಡದೆ ಹೊರಟದ್ದು ಅವಳ ಸ್ವಂತ ನಿರ್ಧಾರವಾಗಿತ್ತು. ಆ ಛಲವನ್ನು ಕಥೆ ಕೊನೆಯವರೆಗೆ ಕಾಪಾಡಿಕೊಳ್ಳಬೇಕಿತ್ತು.

ಹಿಮಿಕೊ ರಾಣಿಯ ಪ್ರಸಂಗದಲ್ಲಿ ಅಭಿಮಾನಿಗಳ ಅಸಮಾಧಾನವನ್ನು ನಾನು ಅಷ್ಟಾಗಿ ಹಂಚಿಕೊಳ್ಳುವುದಿಲ್ಲ. ಮೂರನೆಯ ಶತಮಾನದ ಜಪಾನಿನಲ್ಲಿ ಯಮತಾಯಿ ಎಂಬ ನಾಡನ್ನು ಆಳಿದ ಈ ರಾಣಿಯ ಉಲ್ಲೇಖ ಚೀನಾದ ಪ್ರಾಚೀನ ದಾಖಲೆಯಲ್ಲಿದೆ, ಯಮತಾಯಿ ಇದ್ದದ್ದು ಎಲ್ಲಿ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. 2013ರ ಆಟದಲ್ಲಿ ಅವಳದು ಬಿರುಗಾಳಿಯನ್ನೇ ಆಳುವ, ಸತ್ತೂ ಸಾಯದ ಶಕ್ತಿ. ಚಿತ್ರದಲ್ಲಿ ಅವಳು ಮುಟ್ಟಿದರೆ ಸಾವು ತರುವ ರೋಗವನ್ನು ಮೈಯಲ್ಲಿ ಹೊತ್ತು, ಇತರರನ್ನು ಉಳಿಸಲು ತಾನಾಗಿಯೇ ಆ ದ್ವೀಪದ ಗೋರಿಯೊಳಗೆ ಹೋದವಳು. ಮಾಯಾಮಂತ್ರ ತೆಗೆದರೆ ‘ಟೂಂಬ್ ರೇಡರ್’ನಲ್ಲಿ ಉಳಿಯುವುದೇನು ಎಂದು ಹಲವರು ಕೇಳಿದ್ದಾರೆ. ನನಗೆ ಮಾತ್ರ ಚರಿತ್ರೆಯು ರಾಕ್ಷಸಿಯೆಂದು ಬರೆದವಳು ತ್ಯಾಗಿಯಾಗಿದ್ದಳೆಂಬ ಈ ತಿರುವು ಮೂಲಕ್ಕಿಂತ ಹೆಚ್ಚು ಹಿಡಿಸಿತು. ಅದನ್ನು ಅವಸರದ ಎರಡು ಮಾತುಗಳಲ್ಲಿ ಮುಗಿಸಿಬಿಟ್ಟಿದ್ದಾರೆಂಬುದೇ ನನ್ನ ದೂರು.

ವೋಗೆಲ್‌ನ ಪಾತ್ರದಲ್ಲಿ ಗಾಗಿನ್ಸ್ ಅರಚುವುದಿಲ್ಲ. ಏಳು ವರ್ಷ ಆ ದ್ವೀಪದಲ್ಲಿ ಕೊಳೆತು, ಮನೆಗೆ ಹೋದರೆ ಸಾಕೆಂಬ ದಣಿವನ್ನು ಕಣ್ಣಿನಲ್ಲಿ ಇಟ್ಟುಕೊಂಡ ಖಳ ಅವನು. ಡೇನಿಯಲ್ ವು ಅವರಿಗೆ ಆರಂಭದಲ್ಲಿ ಸಿಕ್ಕ ಅವಕಾಶ ಆಮೇಲೆ ಸಿಗಲಿಲ್ಲ. ಆಟದಲ್ಲಿ ಲಾರಾಳ ಜೊತೆಗಿದ್ದ ಗೆಳತಿ ಸ್ಯಾಮ್‌ಳನ್ನು, ಹಡಗಿನ ಇತರ ಸಂಗಾತಿಗಳನ್ನು ಕೈಬಿಟ್ಟದ್ದಕ್ಕೆ 2013ರ ಗುಂಪಿನವರು ಬೇಸರಪಟ್ಟರು, ಅವರ ಬೇಸರ ನ್ಯಾಯವಾದದ್ದು. ಟ್ರಿನಿಟಿಯೆಂಬ ರಹಸ್ಯ ಸಂಸ್ಥೆಯ ಮುಖವಾಡವಾಗಿರುವ ಕಂಪನಿಗೆ ಚಿತ್ರದಲ್ಲಿ ‘ಪಟ್ನಾ’ ಎಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಚಿತ್ರ ನೋಡಿದ ಪ್ರತಿಯೊಬ್ಬರೂ ಆ ಹೆಸರು ಕೇಳಿ ಒಮ್ಮೆ ತಲೆಯೆತ್ತಿರುತ್ತಾರೆ.

ಚಿತ್ರಕ್ಕೆ ವಿಮರ್ಶಕರಲ್ಲಿ ಅರ್ಧದಷ್ಟು ಜನರ ಒಪ್ಪಿಗೆ ಸಿಕ್ಕಿತು, ಅಭಿಮಾನಿಗಳ ಮಾತೂ ಹೆಚ್ಚುಕಡಿಮೆ ಹಾಗೆಯೇ ಹಂಚಿಹೋಯಿತು. ಗಳಿಕೆಯಲ್ಲಿ ಒಂದು ಸೋಜಿಗವಿದೆ. 2001ರ ಜೋಲಿ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 27 ಕೋಟಿ 40 ಲಕ್ಷ ಡಾಲರ್. 17 ವರ್ಷಗಳ ನಂತರ ಬಂದ ಈ ಚಿತ್ರ ಗಳಿಸಿದ್ದೂ ಹೆಚ್ಚುಕಡಿಮೆ ಅಷ್ಟೇ. ಈ ನಡುವೆ ಡಾಲರಿನ ಬೆಲೆ ಇಳಿದಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹೊಸ ಚಿತ್ರವೇ ಹಿಂದೆ ಬಿದ್ದಂತೆ. ಆದರೆ ವರ್ಷಗಳು ಕಳೆದಂತೆ ಅಭಿಮಾನಿಗಳ ಧ್ವನಿ ಮೆದುವಾಗಿರುವುದನ್ನು ನಾನು ಗಮನಿಸಿದ್ದೇನೆ. ಬಿಡುಗಡೆಯ ವಾರದಲ್ಲಿ ಮೈಕಟ್ಟಿನ ಬಗ್ಗೆ ಮಾತಾಡಿದವರೇ ಈಗ ವಿಕಾಂಡರ್‌ಗೆ ಇನ್ನೊಂದು ಚಿತ್ರ ಸಿಗಬೇಕಿತ್ತು ಎನ್ನುತ್ತಾರೆ.

ನೋಡಬಯಸುವವರಿಗೆ ನನ್ನ ಸಲಹೆ ಇಷ್ಟು. ಆಟವನ್ನೇ ಆಡಿರದವರು ಯಾವ ಅಳುಕೂ ಇಲ್ಲದೆ ನೋಡಬಹುದು. ಎರಡು ಗಂಟೆಗೆ ಎರಡು ನಿಮಿಷ ಕಡಿಮೆ ಇರುವ ಈ ಚಿತ್ರ ಎಲ್ಲಿಯೂ ಬೇಸರ ತರಿಸುವುದಿಲ್ಲ, ಹಿಂಸೆಯ ಕೆಲವು ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವುದು ಬೇಡ. 2013ರ ಆಟ ಆಡಿದವರು ಕಥೆಯ ವ್ಯತ್ಯಾಸಗಳನ್ನು ಹೊಟ್ಟೆಗೆ ಹಾಕಿಕೊಂಡರೆ ತಮಗೆ ಪ್ರಿಯವಾದ ಹಲವು ದೃಶ್ಯಗಳನ್ನು ಮತ್ತೆ ಕಾಣುತ್ತಾರೆ. ನನ್ನ ಹಾಗೆ ಹಳೆಯ ಆಟಗಳಿಂದ ಬಂದವರು ಚಿತ್ರ ನೋಡಿದ ಮೇಲೆ 2024ರ ಫೆಬ್ರವರಿಯಲ್ಲಿ ಹೊಸ ರೂಪದಲ್ಲಿ ಬಂದ ಮೊದಲ ಮೂರು ಆಟಗಳ ಸಂಪುಟವನ್ನು ಒಮ್ಮೆ ತೆರೆಯಿರಿ. ಅದರಲ್ಲಿ ಒಂದು ಗುಂಡಿ ಒತ್ತಿದರೆ ಹೊಸ ಚಿತ್ರಗಳು ಸರಿದು ಅಂದಿನ ಒರಟು ಚೌಕಗಳು ಮರಳಿ ಬರುತ್ತವೆ. ಕಳೆದ ದೀಪಾವಳಿಗೆ ಶಿವಮೊಗ್ಗಕ್ಕೆ ಹೋದಾಗ ಅಣ್ಣನ ಮಗಳಿಗೆ ಅದನ್ನು ತೋರಿಸಿದೆ. ಪೆರುವಿನ ಗುಹೆಯ ಮೊದಲ ಕಂದಕದ ಅಂಚಿನಲ್ಲಿ ಅವಳು ಬಹಳ ಹೊತ್ತು ಸುಮ್ಮನೆ ನಿಂತಳು. ‘ಏನಾಯ್ತು ಪುಟ್ಟಿ?’ ಎಂದು ಅಣ್ಣ ಕೇಳಿದ್ದಕ್ಕೆ ‘ಇರಪ್ಪ, ಯೋಚ್ನೆ ಮಾಡ್ತಿದೀನಿ’ ಎಂದಳು.

ಚಿತ್ರದ ಕೊನೆಯ ದೃಶ್ಯದಲ್ಲಿ ಲಾರಾ ಗಿರವಿ ಅಂಗಡಿಗೆ ಹೋಗುತ್ತಾಳೆ. ಪ್ರಯಾಣದ ಖರ್ಚಿಗೆಂದು ಒತ್ತೆಯಿಟ್ಟಿದ್ದ ತಂದೆಯ ತಾಯಿತವನ್ನು ಬಿಡಿಸಿಕೊಳ್ಳಲು ಬಂದವಳ ಕಣ್ಣಿಗೆ ಅಲ್ಲಿನ ಪಿಸ್ತೂಲು ಬೀಳುತ್ತದೆ. ಅವಳು ಒಂದನ್ನಲ್ಲ, ಎರಡನ್ನು ಕೊಳ್ಳುತ್ತಾಳೆ. ಎರಡೂ ಕೈಯಲ್ಲಿ ಅವುಗಳನ್ನು ಹಿಡಿದು ನಿಂತಾಗ ಜಡೆ ಬೆನ್ನ ಮೇಲಿರುತ್ತದೆ, ಆಟಗಳಿಂದ ನಾವು ಇಪ್ಪತ್ತು ವರ್ಷಗಳಿಂದ ಬಲ್ಲ ಆಕೃತಿ ಮೊದಲ ಬಾರಿಗೆ ಪೂರ್ತಿಯಾಗಿ ಕಾಣುತ್ತದೆ. ಚಿತ್ರಮಂದಿರದಲ್ಲಿ ಹಿಂದಿನ ಸಾಲಿನಿಂದ ಚಪ್ಪಾಳೆ ಕೇಳಿಸಿತು, ನಾನೂ ತಟ್ಟಿದೆ. ಎರಡನೆಯ ಚಿತ್ರಕ್ಕೆ ಮೊದಲು ಬೆನ್ ವೀಟ್ಲಿ, ಆಮೇಲೆ ಮಿಶಾ ಗ್ರೀನ್ ನಿರ್ದೇಶಕರೆಂದು ಗೊತ್ತಾಯಿತು. 2022ರಲ್ಲಿ ಎಂಜಿಎಂ ಚಿತ್ರಸಂಸ್ಥೆಗಿದ್ದ ನಿರ್ಮಾಣದ ಹಕ್ಕಿನ ಅವಧಿ ಮುಗಿದು ಆ ಚಿತ್ರ ನಿಂತುಹೋಯಿತು. ವಿಕಾಂಡರ್ ಅವರ ಲಾರಾ ಕೊಂಡ ಆ ಎರಡು ಪಿಸ್ತೂಲುಗಳಿಂದ ಒಂದು ಗುಂಡೂ ಹಾರಲಿಲ್ಲ.